ಹರಕೆ ಹಲಗೆಯ ಮೇಲೆ ಎರಡು ಬೂಟು

ಆ ದಿನದ ರಾಮಾಯಣಕ್ಕೆಲ್ಲ ಮೂಲ ಒಂದು ಹಸಿರು ಪಟ್ಟೆ. ಹಣ್ಣಿನಂಗಡಿ ಒತ್ತೊರೀನೊ ತನ್ನ ಅಂಗಡಿ ಮುಂದೆ ಕಟ್ಟಿಕೊಂಡಿದ್ದ ಟಾರ್ಪಾಲಿನ ಮೇಲೆ ಹಸಿರು ಪಟ್ಟೆಗಳಿದ್ದವು. ಚಿತ್ರಗಾರ ಜೇನೊ ಹರಕೆಯ ಚಿತ್ರದಲ್ಲಿ ಅದನ್ನು ಸುಮ್ಮನೆ ಬೂದು ಬಣ್ಣದಲ್ಲಿ ಬಳಿದು ಕೈ ತೊಳೆದುಕೊಂಡಿದ್ದ. ಹಸಿರು ಹಚ್ಚಿದ್ದರೆ ಎಜಿದಿಯೊನ ಮದುವೆಗೆ ಆವತ್ತೇ ದಿನ ಗೊತ್ತಾಗುತ್ತಿತ್ತು, ಮೊಂತೆರೀಪದ ಜನ ಚಳಿಗಾಲವೆಲ್ಲ ಮಾತಾಡಲು ಬೇರೆ ಏನಾದರೂ ಹುಡುಕಿಕೊಳ್ಳಬೇಕಾಗುತ್ತಿತ್ತು.

ಎಜಿದಿಯೊ ಪುರಸಭೆಯ ದೀಪದವನು. ಬೀದಿ ದೀಪದ ಬಲ್ಬು ಬದಲಿಸುವುದು, ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವುದು, ಊರಬಾಗಿಲಿನ ಕಲ್ಲುಗಳ ಸಂದಿನಲ್ಲಿ ಬೆಳೆಯುವ ಗಿಡ ಕೀಳುವುದು ಅವನ ಕೆಲಸ. ಒಟ್ಟಿನಲ್ಲಿ ಏಣಿ ಬೇಕಾಗುವ ಕೆಲಸವೆಲ್ಲ ಅವನದೇ. ದೇವರು ಕೆಲವರಿಗೆ ಸಿಟ್ಟು ಕೊಡುತ್ತಾನೆ, ಕೆಲವರಿಗೆ ಸೋಮಾರಿತನ. ಎಜಿದಿಯೊಗೆ ಉಪಕಾರ ಸ್ಮರಣೆ ಕೊಟ್ಟಿದ್ದ, ಅದನ್ನೂ ಅಳತೆ ಮೀರಿ ಸುರಿದಿದ್ದ. ದಾರಿ ಬಿಟ್ಟ ಮೇಕೆಗೂ "ಉಪಕಾರ ಆಯ್ತು" ಅನ್ನುವ ಮನುಷ್ಯ ಅವನು.

ಎರಡು ವರ್ಷದ ಹಿಂದೆ ಗೋಪುರದ ದೀಪಕ್ಕೆ ಬಲ್ಬು ಹಾಕುತ್ತಿದ್ದಾಗ ಎದುರಿನ ಬ್ರೆಡ್ ಅಂಗಡಿಯ ಕಿಟಕಿಯಲ್ಲಿ ಅವನು ಮದುವೆಯಾಗಬೇಕೆಂದಿದ್ದ ನೀವೆಸ್ ಕಾಣಿಸಿದಳು. ತಲೆಗೆ ಕೆಂಪು ವಸ್ತ್ರ, ಮೊಣಕೈವರೆಗೆ ಹಿಟ್ಟು. ಎಜಿದಿಯೊ ಕೈ ಬೀಸಿದ. ಏಣಿಯ ಮೇಲಿರುವವನಿಗೂ ಎರಡೇ ಕೈ ತಾನೆ? ಒಂದರಲ್ಲಿ ಬಲ್ಬು, ಇನ್ನೊಂದನ್ನು ಬೀಸಿಬಿಟ್ಟ. ಮುಂದಿನದನ್ನು ಏಣಿಯೇ ನೋಡಿಕೊಂಡಿತು. ಒತ್ತೊರೀನೊನ ಟಾರ್ಪಾಲಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಚೆಸ್ಟ್‌ನಟ್ ಮೂಟೆಗಳ ಮೇಲೆ ಬಂದು ಕೂತ. ಹೋಗಿದ್ದು ಒಂದು ಹಲ್ಲು ಮಾತ್ರ. ಕೈಯಲ್ಲಿದ್ದ ಬಲ್ಬು ಕೂಡ ಒಡೆದಿರಲಿಲ್ಲ.

ಆದರೆ ಅವನ ಅಮ್ಮ ಕ್ಲೆಮೆಂತೀನ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದು ನಡುಬೀದಿಯಲ್ಲಿ ಮಂಡಿಯೂರಿದಳು. "ಬಂಡೆ ಮಾತೇ, ನನ್ನ ಮಗ ಕಣ್ಣು ಬಿಟ್ಟರೆ ನಿನ್ನ ಗೋಡೆಗೆ ಒಂದು ಚಿತ್ರ ಹಾಕಿಸ್ತೀನಿ! ಅದು ಗೋಡೆ ಏರೋ ತನಕ ನನ್ನ ಮನೇಲಿ ಇವನ ಮದುವೆ ಮಾತು ಎತ್ತಲ್ಲ!" ಮಗ ಅಷ್ಟರಲ್ಲಾಗಲೇ ಕಣ್ಣು ಬಿಟ್ಟು "ಅಮ್ಮಾ, ನಾನು ಚೆನ್ನಾಗಿದೀನಿ" ಅನ್ನುತ್ತಿದ್ದ. ಯಾರು ಕೇಳಬೇಕು? ಹರಕೆ ಬಾಯಿಂದ ಹೊರಬಿದ್ದಾಗಿತ್ತು, ಮೊಂತೆರೀಪದಲ್ಲಿ ಬಂಡೆ ಮಾತೆಗೆ ಹೇಳಿದ ಮಾತನ್ನು ವಾಪಸು ತಗೊಂಡವರು ಇಲ್ಲ.

ನಮ್ಮೂರಿನ ಚರಿತ್ರೆ ಪುರಸಭೆಯ ಬೀರುವಿನಲ್ಲಿಲ್ಲ, ಬಂಡೆ ಮಾತೆಯ ಚರ್ಚಿನ ಗೋಡೆಯ ಮೇಲಿದೆ. ನೆಲದಿಂದ ಛಾವಣಿವರೆಗೆ ಹರಕೆಯ ಹಲಗೆಗಳು. ಪ್ಲೇಗಿನಲ್ಲಿ ಬದುಕಿದವರು, ಬಾವಿಗೆ ಬಿದ್ದು ಎದ್ದವರು, ಯುದ್ಧದಲ್ಲಿ ಒಲೆಯೊಳಗೆ ಅಡಗಿ ಉಳಿದವರು, ಗೂಳಿ, ಸಿಡಿಲು, ಟ್ರ್ಯಾಕ್ಟರು, ಸ್ಕೂಟರು ಎಲ್ಲವೂ ಉಂಟು. ಪ್ರತಿಯೊಂದರ ಮೂಲೆಯಲ್ಲೂ ಮೋಡದ ಮೇಲೆ ಕೂತ ಮಾತೆ ಕೆಳಗಿನ ಗಲಾಟೆ ನೋಡುತ್ತಿರುತ್ತಾಳೆ. ಹಲಗೆಯನ್ನು ವರ್ಷಕ್ಕೊಮ್ಮೆ, ಮಾತೆಯ ಹಬ್ಬದ ದಿನ, ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಏರಿಸಬೇಕು. ಬದುಕಿದವನೇ ತನ್ನ ಕೈಯಾರೆ ತೂಗುಹಾಕಬೇಕು.

ಹೋದ ಹಬ್ಬಕ್ಕೆ ಜೇನೊನ ಹತ್ತಿರ ಆಕಾಶದ ಬಣ್ಣ ಮುಗಿದುಹೋಗಿತ್ತು. ಈ ಹಬ್ಬ ಹತ್ತಿರ ಬಂದಾಗ ನೀವೆಸ್ ಅಂಗಡಿ ಬಾಗಿಲಲ್ಲಿ ಎಜಿದಿಯೊನನ್ನು ನಿಲ್ಲಿಸಿಕೊಂಡು ಹೇಳಿದ್ದಳು: "ನೋಡು, ತೊರೀನೊದಲ್ಲಿ ನಮ್ಮಕ್ಕನ ಬೇಕರಿಗೆ ಜನ ಬೇಕಂತೆ. ಈ ಸಲಾನೂ ಆ ಹಲಗೆ ಗೋಡೆ ಏರಲಿಲ್ಲ ಅಂದ್ರೆ ಹಬ್ಬದ ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ. ಮುದುಕಿ ಆದ್ಮೇಲೆ ಮದುವೆ ಬಟ್ಟೆ ಹೊಲಿಸೋಕೆ ನನಗಿಷ್ಟ ಇಲ್ಲ." ಅವಳ ಪೆಟ್ಟಿಗೆ ಹಿಟ್ಟಿನ ಮೂಟೆ ಪಕ್ಕದಲ್ಲಿ ತಯಾರಾಗಿ ನಿಂತಿತ್ತು. ಅದನ್ನು ನೋಡಿದ ರಾತ್ರಿಯಿಂದ ಎಜಿದಿಯೊಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಹಬ್ಬದ ಬೆಳಿಗ್ಗೆ ಹಲಗೆ ಸಿಕ್ಕಿತು. ಬ್ರೆಡ್ ಕೊಯ್ಯುವ ಮಣೆಯಷ್ಟು ಅಗಲ. ನೆಟ್ಟಗೆ ಗೋಪುರ, ಅರ್ಧ ದಾರಿಯಲ್ಲಿ ಎಜಿದಿಯೊ, ಮೋಡದಲ್ಲಿ ಮಾತೆ, ಕೆಳಗೆ ಬೂದು ಬಣ್ಣದ್ದೇನೋ ಒಂದು.

"ಜೇನಣ್ಣ, ಉಪಕಾರ ಆಯ್ತು. ಎಷ್ಟು ಚೆನ್ನಾಗಿ ಬೀಳ್ತಾ ಇದೀನಿ!"

"ಗಾಡಿಗೆ ಬಳಿಯೋ ಬಣ್ಣ, ಮಳೆಗೂ ಜಗ್ಗಲ್ಲ," ಅಂದ ಜೇನೊ. "ತಗೊಂಡು ನೇರ ಚರ್ಚಿಗೆ ನಡಿ. ದಾರೀಲಿ ಯಾರಿಗೂ ತೋರಿಸ್ಬೇಡ."

ಒಳ್ಳೆ ಮಾತು. ಆದರೆ ಒತ್ತೊರೀನೊ ತನ್ನ ಅಂಗಡಿ ಮುಂದೆಯೇ ನಿಂತಿದ್ದ. ಎರಡು ವರ್ಷದ ಹಿಂದೆ ಯಾರ ಟಾರ್ಪಾಲಿನ ಮೇಲೆ ಬಿದ್ದು ಬದುಕಿದ್ದನೋ ಅವನಿಗೆ ಹಲಗೆ ತೋರಿಸದೆ ಹೋಗುವಷ್ಟು ಕಲ್ಲು ಮನಸ್ಸು ಎಜಿದಿಯೊಗೆ ಎಲ್ಲಿಂದ ಬರಬೇಕು? ತೋರಿಸಿದ. ಒತ್ತೊರೀನೊ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ.

"ಇದೇನಪ್ಪಾ ಈ ಬೂದಿ?"

"ನಿಮ್ಮ ಟಾರ್ಪಾಲು, ಒತ್ತೊರೀನಣ್ಣ."

"ನನ್ನ ಟಾರ್ಪಾಲಾ? ಊರೆಲ್ಲ ಕೇಳು, ಹಸಿರು ಪಟ್ಟೆ ಇಲ್ಲದ ಟಾರ್ಪಾಲು ನಮ್ಮಪ್ಪನ ಕಾಲದಿಂದ ಕಟ್ಟಿದ್ದಿಲ್ಲ. ಅಲ್ಲಯ್ಯಾ, ನೀನು ಬದುಕಿರೋದೇ ಆ ಪಟ್ಟೆಯಿಂದ. ನಾನೆಲ್ಲಿ ಇದರಲ್ಲಿ? ಅವತ್ತು ಮಳೆ ಬರುತ್ತೆ ಅಂತ ಟಾರ್ಪಾಲು ಬಿಗಿದು ಕಟ್ಟಿದ್ದು ಯಾರು? ಮಾತೆ ಮೋಡದಿಂದ ಇಳಿದು ಬಂದು ಕಟ್ಟಿದಳಾ?"

ಎಜಿದಿಯೊಗೆ ನಾಚಿಕೆಯಾಯಿತು. ಹೌದಲ್ಲ, ಈ ಮನುಷ್ಯ ಹಗ್ಗ ಬಿಗಿಯದೆ ಇದ್ದಿದ್ದರೆ ತಾನೆಲ್ಲಿರುತ್ತಿದ್ದೆ? ಇಬ್ಬರೂ ಜೇನೊ ಚಿತ್ರ ಬರೆಯುತ್ತಿದ್ದ ಕೊಟ್ಟಿಗೆಗೆ ವಾಪಸು ಹೊರಟರು.

ಈ ಮಾತುಕತೆಯನ್ನು ಮೇಲಿನ ಬಾಲ್ಕನಿಯಿಂದ ಒಬ್ಬಳು ಕೇಳುತ್ತಿದ್ದಳು. ಪಕ್ಕದ ಮನೆ ಆರ್ಜಿಯಕ್ಕ. ಮೊಂತೆರೀಪದಲ್ಲಿ ಮೂರು ಹಳೆಯ ವಸ್ತುಗಳಿವೆ ಅಂತ ಜನ ಹೇಳುತ್ತಾರೆ: ಊರಬಾಗಿಲು, ಗೋಪುರದ ಗಂಟೆ, ಆರ್ಜಿಯಕ್ಕನ ಗಂಟಲು. ಕೈಯಲ್ಲಿದ್ದ ಬಟ್ಟೆ ತಂತಿಗೆ ಸಿಕ್ಕಿಸಿ ಅವಳು ಮೆಟ್ಟಿಲಿಳಿದು ಬಂದಳು.

"ಟಾರ್ಪಾಲಂತೆ ಟಾರ್ಪಾಲು! ಏ ಎಜಿದಿಯೊ, ನೀನು ಬೀಳೋದನ್ನ ಮೊದಲು ನೋಡಿದವಳು ನಾನು. 'ಬಂಡೆ ಮಾತೇ' ಅಂತ ಮೊದಲು ಕಿರುಚಿದವಳು ನಾನು. ನಾನು ಕಿರುಚಿದ್ದಕ್ಕೇ ಮಾತೆ ಈ ಕಡೆ ತಿರುಗಿ ನೋಡಿದ್ದು. ಇಲ್ಲಾಂದ್ರೆ ಅವಳಿಗೆ ಸಾವಿರ ಕೆಲಸ, ನಿನ್ನನ್ನ ನೋಡ್ಕೊಂಡು ಕೂತಿರ್ತಾಳಾ?"

"ಅದೂ ನಿಜವೇ ಅಕ್ಕ," ಅಂದ ಎಜಿದಿಯೊ. ಅವನಿಗೆ ನಿಜವೆಂದೇ ಅನ್ನಿಸಿತು, ಪಾಪ. ಅವಳ ಕಿರುಚಾಟ ಪಕ್ಕದ ಬೆಟ್ಟದ ಊರಿಗೂ ಕೇಳಿಸಿತ್ತಂತೆ.

ಮೂವರೂ ಚೌಕ ದಾಟುವಾಗ ಔಷಧಿ ಅಂಗಡಿಯವನು ಬಾಗಿಲಿಗೆ ಬಂದ. ಔಷಧಿ ಮಾರುವವನಾದರೂ ಊರವರೆಲ್ಲ ಡಾಕ್ಟ್ರೇ ಎನ್ನುತ್ತಿದ್ದರು, ಅವನೂ ಬೇಡ ಅಂದವನಲ್ಲ. ವಿಷಯ ತಿಳಿದದ್ದೇ ಅವನ ಮೀಸೆ ನೆಟ್ಟಗಾಯಿತು.

"ಅಂದ್ರೆ ಮೂಗಿನ ಹತ್ತಿರ ಸೀಸೆ ಹಿಡಿದು ಪ್ರಾಣ ವಾಪಸು ತಂದವನು ಲೆಕ್ಕಕ್ಕೇ ಇಲ್ವೇನಯ್ಯ?"

"ಡಾಕ್ಟ್ರೇ, ನೀವು ಬಂದಾಗ ಇವನು ಕೂತ್ಕೊಂಡು ಚೆಸ್ಟ್‌ನಟ್ ತಿಂತಾ ಇದ್ದ," ಅಂದ ಒತ್ತೊರೀನೊ. "ನನ್ನ ಚೆಸ್ಟ್‌ನಟ್ಟು."

"ತಿನ್ನೋ ಶಕ್ತಿ ಎಲ್ಲಿಂದ ಬಂತು? ಗಾಳೀಲಿ ನನ್ನ ಔಷಧಿ ವಾಸನೆ ಮೊದಲೇ ಬಂದಿರಲಿಲ್ವಾ?"

ಜೇನೊ ಈ ಮೆರವಣಿಗೆ ನೋಡಿ ಕುಂಚವನ್ನು ಕಿವಿ ಮೇಲೆ ಸಿಕ್ಕಿಸಿಕೊಂಡ. "ನಾನೇನು ಹೇಳಿದ್ದೆ?" ಅಂತ ಎಜಿದಿಯೊನನ್ನು ಕೇಳಿದ.

"ತೋರಿಸ್ಬೇಡ ಅಂದಿದ್ರಿ."

"ಆಹಾ. ನೆನಪಾದರೂ ಇದೆಯಲ್ಲ."

ಕೆಲಸ ಶುರುವಾಯಿತು. ಟಾರ್ಪಾಲಿಗೆ ಹಸಿರು ಪಟ್ಟೆ ಬಂತು. ಅದರ ಕೆಳಗೆ ಒತ್ತೊರೀನೊ ಬಂದ, ಹೊಟ್ಟೆ ಸಮೇತ. ಅವನ ಹೊಟ್ಟೆ ಒಳಗೆ ಬರಬೇಕಾದರೆ ಗೋಪುರ ಆಚೆ ಸರಿಯಬೇಕಾಯಿತು. ಆರ್ಜಿಯಕ್ಕನ ಬಾಲ್ಕನಿ ಬಂತು. "ಬಾಯಿ ಮುಚ್ಚಿದ ಹಾಗಿದೆ, ಹೀಗಿದ್ರೆ ಮಾತೆಗೆ ಹೇಗೆ ಕೇಳಿಸುತ್ತೆ? ಇನ್ನೂ ತೆಗಿ, ಇನ್ನೂ ತೆಗಿ," ಅಂತ ಅವಳು ಹೇಳುತ್ತಾ ಹೋದಳು. ಆ ಬಾಯಿಗೆ ಜಾಗ ಮಾಡಲು ಜೇನೊ ಗಡಿಯಾರವನ್ನೇ ಅಳಿಸಿದ. ಡಾಕ್ಟರು ಸೀಸೆ ಹಿಡಿದು ನಿಂತರು. ಸೀಸೆಯ ಮೇಲಿನ ಚೀಟಿ ಓದುವ ಹಾಗಿರಬೇಕು ಅಂದರು. ಚೀಟಿ ಓದುವಷ್ಟು ಸೀಸೆ ದೊಡ್ಡದಾದಾಗ ಗೋಪುರ ಪೂರ್ತಿ ಹೋಯಿತು.

"ಗೋಪುರ ಇಲ್ಲದೆ ನಾನು ಎಲ್ಲಿಂದ ಬೀಳೋದು?" ಅಂತ ಎಜಿದಿಯೊ ಮೆಲ್ಲಗೆ ಕೇಳಿದ.

"ಸ್ವರ್ಗದಿಂದ," ಅಂದ ಜೇನೊ. "ಮೊದಲು ನೀನೆಲ್ಲಿ ಇರ್ತೀಯ ನೋಡ್ಕೋ."

ನಿಜವಾಗಿಯೂ ಎಜಿದಿಯೊಗೇ ಜಾಗ ಉಳಿದಿರಲಿಲ್ಲ. ಜೇನೊ ತಲೆ ಕೆರೆದುಕೊಂಡು, ಹಲಗೆಯ ಮೇಲಂಚಿನಿಂದ ಕೆಳಕ್ಕೆ ಇಳಿಬಿದ್ದ ಎರಡು ಬೂಟು ಬರೆದ. ಅಷ್ಟೇ. ಉಳಿದ ಎಜಿದಿಯೊ ಹಲಗೆಯ ಆಚೆ ಎಲ್ಲೋ ಗಾಳಿಯಲ್ಲಿದ್ದ. ಮಾತೆ ತನ್ನ ಮೋಡದ ಸಮೇತ ಮೂಲೆಗೆ ಸೇರಿ, ಮಗುವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮೂವರೂ ತಮ್ಮ ತಮ್ಮ ಮುಖ ನೋಡಿಕೊಂಡು ತೃಪ್ತರಾಗಿ ಹೊರಗೆ ಹೋದರು. ಎಜಿದಿಯೊ ಎಲ್ಲರಿಗೂ ಉಪಕಾರ ಹೇಳಿದ. ಬೇಜಾರೇನೂ ಆಗಲಿಲ್ಲ ಅವನಿಗೆ. ಇವರೆಲ್ಲ ತನಗಾಗಿ ಆವತ್ತು ಓಡಿಬಂದವರೇ ತಾನೆ? ಬೀದಿಯಲ್ಲಿ ಬಿದ್ದರೆ ಓಡಿಬರುವ ಜನ ಎಷ್ಟು ಊರಿನಲ್ಲಿದ್ದಾರೆ? ಆದರೆ ಹಲಗೆಯನ್ನು ಬಟ್ಟೆಯಲ್ಲಿ ಸುತ್ತುವಾಗ ಅವನ ಕೈ ನಿಂತುಬಿಟ್ಟಿತು. ಎಲ್ಲರಿಗಿಂತ ಮೊದಲು ಓಡಿ ಬಂದು, ಹಿಟ್ಟಿನ ಕೈಯಲ್ಲೇ ತನ್ನ ತಲೆಯನ್ನು ಮಡಿಲಿಗೆ ಎತ್ತಿಕೊಂಡವಳು ಇದರಲ್ಲಿ ಇಲ್ಲ. ಎರಡು ವರ್ಷದಲ್ಲಿ ಅವಳು ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಕೇಳಿದ್ದು ಮದುವೆ ಯಾವಾಗ ಅಂತ ಮಾತ್ರ.

"ಜೇನಣ್ಣ, ಇನ್ನೊಂದು ಮುಖ."

"ನಿನಗೇನು ಹುಚ್ಚಾ? ಸಾಸಿವೆ ಇಡೋಕೂ ಜಾಗ ಇಲ್ಲ."

"ಸಾಸಿವೆಯಷ್ಟೇ ಸಾಕು. ಆ ಬಾಲ್ಕನಿ ಪಕ್ಕ ಒಂದು ಕಿಟಕಿ. ಅದರೊಳಗೆ ಕೆಂಪು ತಲೆವಸ್ತ್ರ. ದಮ್ಮಯ್ಯ ಅಂತೀನಿ."

ಜೇನೊ ಅವನ ಮುಖ ನೋಡಿದ, ಬಯ್ಯಲು ಬಾಯಿ ತೆಗೆದ, ಬಯ್ಯಲಿಲ್ಲ. ಎಲ್ಲಕ್ಕಿಂತ ಸಣ್ಣ ಕುಂಚ ಹುಡುಕಿ, ಉಸಿರು ಬಿಗಿಹಿಡಿದು, ಆರ್ಜಿಯಕ್ಕನ ಬಾಯಿಯ ಪಕ್ಕದಲ್ಲಿ ತೊಗರಿಕಾಳಿನಷ್ಟು ಕಿಟಕಿ ಬರೆದ. ಅದರೊಳಗೆ ಒಂದು ಚುಕ್ಕೆ ಕೆಂಪು, ಎರಡು ಚುಕ್ಕೆ ಬಿಳಿ.

ಎಜಿದಿಯೊ ಬೆಟ್ಟದ ಮೆಟ್ಟಿಲು ಹತ್ತಿ ಓಡಿದ. ಚರ್ಚಿನೊಳಗೆ ಊರೆಲ್ಲ ಸೇರಿತ್ತು. ಅಮ್ಮ ಕ್ಲೆಮೆಂತೀನ ಮುಂದಿನ ಬೆಂಚಿನಿಂದ ಎದ್ದು ಬಂದು ಹಲಗೆಯ ಬಟ್ಟೆ ಸರಿಸಿ ನೋಡಿದಳು.

"ಇದು ಒತ್ತೊರೀನೊ. ಇದು ಆರ್ಜಿಯಾ. ಇದು ಡಾಕ್ಟ್ರ ಸೀಸೆ. ನನ್ನ ಮಗ ಎಲ್ಲಿ?"

"ಆ ಬೂಟುಗಳು ನಾನೇ ಅಮ್ಮ."

ಅವಳು ಬೂಟುಗಳನ್ನು ಹತ್ತಿರದಿಂದ ನೋಡಿದಳು. "ಒಂಬತ್ತು ತಿಂಗಳು ಹೊತ್ತು ಹೆತ್ತದ್ದು ಬೂಟಿಗಾ? ಅದೂ ಅಟ್ಟೆ ಕಿತ್ತ ಬೂಟು! ಮಾತೆ ಮುಂದೆ ಮಾನ ಹೋಯ್ತು," ಅಂದಳು. ಆದರೂ ಕಣ್ಣೊರೆಸಿಕೊಂಡು ಆ ಬೂಟುಗಳಿಗೆ ಮುತ್ತಿಟ್ಟಳು.

ಚರ್ಚಿನ ಗಂಟೆ ಹೊಡೆಯುವ ಕ್ವಿರೀಕೊ ಏಣಿ ತಂದು ಗೋಡೆಗೆ ಒರಗಿಸಿದ. "ಬೇಗ ಹತ್ತು ಮಾರಾಯ, ನಾನು ಗಂಟೆ ಹೊಡೀಬೇಕು. ಅಗೋ, ಕಿಟಕಿ ಪಕ್ಕ, ಮೇಲಿನ ಮೂಲೆ. ಇರೋ ಗೋಡೆಗೆಲ್ಲ ಅದೊಂದೇ ಉಳಿದಿರೋ ಜಾಗ. ನಿನಗೋಸ್ಕರ ಎರಡು ವರ್ಷ ಕಾದಿಟ್ಟಿದೀನಿ."

"ಉಪಕಾರ ಆಯ್ತು ಕ್ವಿರೀಕಣ್ಣ," ಅನ್ನುತ್ತಾ ಎಜಿದಿಯೊ ಮೇಲೆ ನೋಡಿದ. ಆ ಬಿದ್ದ ದಿನದಿಂದ ಅವನು ಏಣಿಯನ್ನು ಎರಡು ಕೈಯಲ್ಲೂ ತಬ್ಬಿಕೊಂಡೇ ಹತ್ತುತ್ತಿದ್ದ. ಹಲಗೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು?

ಆಗ ಬಾಗಿಲಲ್ಲಿ ನೀವೆಸ್ ಕಾಣಿಸಿದಳು. ತಲೆಗೆ ಅದೇ ಕೆಂಪು ವಸ್ತ್ರ, ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಬಂದು ಏಣಿಯ ಬುಡ ಹಿಡಿದಳು. "ಹತ್ತು," ಅಂದಳು. "ಅರ್ಧ ಹತ್ತಿದ ಮೇಲೆ ಹಲಗೆ ನಾನು ಕೊಡ್ತೀನಿ. ಬಸ್ಸು ಬರೋಕೆ ಇನ್ನೂ ಹೊತ್ತಿದೆ."

ಅವನು ಹತ್ತಿದ. ಒತ್ತೊರೀನೊ, ಆರ್ಜಿಯಕ್ಕ, ಡಾಕ್ಟರು ಮೂವರೂ ತಮ್ಮ ಮುಖ ಗೋಡೆ ಏರುವುದನ್ನು ಹತ್ತಿರದಿಂದ ನೋಡಲು ಏಣಿಯ ಕೆಳಗೇ ನೆರೆದರು. ನೀವೆಸ್ ಹಲಗೆ ಎತ್ತಿ ಕೊಡುವಾಗ ಒಂದು ಕ್ಷಣ ಅದನ್ನೇ ನೋಡಿದಳು. ಎಜಿದಿಯೊ ಹಲ್ಲು ಕಚ್ಚಿ ಮೇಲೇರಿದ. ಮೊಳೆ ಸಿಕ್ಕಿತು. ದಾರ ಮೊಳೆಗೆ ಬಿತ್ತು. ಹಲಗೆ ಒಂದು ಸಲ ಓಲಾಡಿ ನೆಟ್ಟಗೆ ನಿಂತಿತು. ಚರ್ಚಿನಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಕ್ಲೆಮೆಂತೀನ ಜೋರಾಗಿ ಅತ್ತಳು. ಕ್ವಿರೀಕೊ ಓಡಿ ಹೋಗಿ ಗಂಟೆಯ ಹಗ್ಗಕ್ಕೆ ಜೋತುಬಿದ್ದ. ಗಂಟೆ ಊರ ಮೇಲೆಲ್ಲ ಮೊಳಗಿತು.

ಎರಡು ವರ್ಷದ ಹರಕೆ ತೀರಿತ್ತು. ಎಜಿದಿಯೊ ಏಣಿಯ ತುದಿಯಲ್ಲಿ ಹಣೆ ಗೋಡೆಗೆ ಒತ್ತಿ, "ತಾಯೀ, ಉಪಕಾರ ಆಯ್ತು," ಅಂದ. ಅವನಿಗೆ ಅಷ್ಟು ಹಗುರ ಅನ್ನಿಸಿದ ಗಳಿಗೆ ಇನ್ನೊಂದಿರಲಿಲ್ಲ.

ಗಂಟೆ ನಿಂತ ಮೌನದಲ್ಲಿ ಕೆಳಗಿನಿಂದ ನೀವೆಸ್‌ಳ ದನಿ ಕೇಳಿಸಿತು. ಈ ಸಲ ದನಿಯಲ್ಲಿ ಬಿರುಸಿರಲಿಲ್ಲ.

"ಎಜಿದಿಯೊ, ಆ ಸಣ್ಣ ಕಿಟಕೀಲಿ ಕೆಂಪು ವಸ್ತ್ರ ಕಟ್ಕೊಂಡಿರೋಳು ನಾನಾ?"

ಎಜಿದಿಯೊ ತಿರುಗಿದ. ಅವಳು ನಗುತ್ತಿದ್ದಳು, ಕಣ್ಣು ತುಂಬಿತ್ತು. ಅವನ ಮುಖವೂ ಅರಳಿತು. ಹೌದು ಅನ್ನುವುದಕ್ಕೆ ಅವನು ಕೈ ಬೀಸಿದ.

ಎರಡೂ ಕೈ.

ಮೊದಲು ಒತ್ತೊರೀನೊನ ಹೊಟ್ಟೆ ಸಿಕ್ಕಿತು, ಆಮೇಲೆ ಡಾಕ್ಟರು, ಅವರ ಕೆಳಗೆ ಎಲ್ಲೋ ಆರ್ಜಿಯಕ್ಕ. ಏಣಿ ಎಲ್ಲರ ಮೇಲೆ ನಿಧಾನಕ್ಕೆ ಬಂದು ಮಲಗಿತು. ಎಜಿದಿಯೊನ ತಲೆ ನೆಲಕ್ಕೆ ತಾಗುವ ಮೊದಲೇ ನೀವೆಸ್‌ಳ ಎರಡು ಕೈಗಳು ಅದನ್ನು ಹಿಡಿದಿದ್ದವು. ಎಲ್ಲೂ ನೋವಿರಲಿಲ್ಲ. ಅವನು ಒಂದು ಉಸಿರೆಳೆದುಕೊಳ್ಳಲು ಕಣ್ಣು ಮುಚ್ಚಿದ, ಅಷ್ಟೇ. ಅಷ್ಟರಲ್ಲಿ ಪರಿಚಯದ ಒಂದು ದನಿ ಕಿವಿಗೆ ಬಿತ್ತು.

"ಬಂಡೆ ಮಾತೇ! ನನ್ನ ಮಗ ಇನ್ನೊಂದು ಸಲ ಕಣ್ಣು ಬಿಟ್ಟರೆ..."

ಎಜಿದಿಯೊ ಕಣ್ಣು ಅಗಲವಾಗಿ ಬಿಟ್ಟು, "ಅಮ್ಮಾ, ಬೇಡ! ನಾನು ಚೆನ್ನಾ..." ಅನ್ನುವಷ್ಟರಲ್ಲಿ ಡಾಕ್ಟರು ಮಲಗಿದ್ದಲ್ಲಿಂದಲೇ ಜೇಬಿನ ಸೀಸೆ ತೆಗೆದು ಅವನ ಬಾಯೊಳಗೆ ಬಗ್ಗಿಸಿದರು. ಅವನು ಕೆಮ್ಮುತ್ತಾ ಕೈ ಎತ್ತಿ ಅಮ್ಮನಿಗೆ ಸನ್ನೆ ಮಾಡಿದರೆ, "ಕೈ ಕಾಲು ಬಡೀತಾ ಇದಾನೆ, ಬಿಗಿಯಾಗಿ ಹಿಡೀರಿ!" ಅಂತ ಒತ್ತೊರೀನೊ ಅವನ ಮೇಲೆ ಕೂತ. ಆರ್ಜಿಯಕ್ಕ ಎಲ್ಲರಿಗಿಂತ ಮೇಲೆ ಕೇಳಿಸುವಂತೆ ಕಿರುಚುತ್ತಿದ್ದಳು.

"...ಇನ್ನೊಂದು ಹಲಗೆ ಹಾಕಿಸ್ತೀನಿ! ಅದು ಏರೋ ತನಕ ಇವನ ಮದುವೆ ಮಾತು ನನ್ನ ಮನೇಲಿ ಎತ್ತಲ್ಲ!" ಅಂತ ಕ್ಲೆಮೆಂತೀನ ಮುಗಿಸಿದಳು. ಇಡೀ ಚರ್ಚು "ಆಮೆನ್" ಅಂದಿತು.

ಒತ್ತೊರೀನೊ ಆಗ ಎದ್ದು ಕೋಟು ಝಾಡಿಸಿಕೊಂಡ. "ಜೇನೊ, ನೋಡ್ದೆಯಲ್ಲ? ಈ ಸಲ ಟಾರ್ಪಾಲಿಲ್ಲ, ನಾನೇ. ನನ್ನನ್ನ ಮುಂದೆ ಹಾಕು."

"ನಾನು ಅಡಿಯಲ್ಲಿದ್ದೆ," ಅಂದಳು ಆರ್ಜಿಯಕ್ಕ. "ಎಲ್ಲರ ಭಾರ ನನ್ನ ಮೇಲೆ ಬಿತ್ತು."

"ಹೋದ ಸಲಕ್ಕಿಂತ ದೊಡ್ಡ ಹಲಗೆ ಬೇಕು," ಅಂದ ಜೇನೊ, ಒಂದು ಕಣ್ಣು ಮುಚ್ಚಿ ಎಲ್ಲರನ್ನೂ ಅಳೆಯುತ್ತಾ.

"ಮಾಡಿ ಮಾಡಿ," ಅಂದ ಕ್ವಿರೀಕೊ, ಹಗ್ಗದ ಹತ್ತಿರದಿಂದ ಬಂದವನು. "ತೂಗುಹಾಕೋದು ಎಲ್ಲಿ ಅಂತ ಮಾತ್ರ ನನ್ನನ್ನ ಕೇಳ್ಬೇಡಿ. ಗೋಡೆ ಇವತ್ತಿಗೆ ತುಂಬ್ತು. ಇನ್ನು ಉಳಿದಿರೋದು ಛಾವಣಿ."

ಎಲ್ಲರೂ ಕತ್ತೆತ್ತಿದರು. ಬಂಡೆ ಮಾತೆಯ ಚರ್ಚಿನ ಛಾವಣಿ ಬಹಳ ಎತ್ತರ. ಒಳಗೆ ಸಿಕ್ಕಿಕೊಂಡ ಗುಬ್ಬಚ್ಚಿ ಕೂಡ ಅಲ್ಲಿಗೆ ಹೋಗಲು ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತದೆ.

"ಅದೂ ಬದುಕಿದವನೇ ತನ್ನ ಕೈಯಾರೆ," ಅಂತ ಕ್ಲೆಮೆಂತೀನ ಮಗನ ತಲೆ ನೇವರಿಸುತ್ತಾ ನೆನಪಿಸಿದಳು.

ಕೆಳಗೆ ಊರಬಾಗಿಲಲ್ಲಿ ಮಧ್ಯಾಹ್ನದ ಬಸ್ಸು ಹಾರ್ನ್ ಮಾಡಿತು. ಎಜಿದಿಯೊ ಬಾಗಿಲ ಬಳಿಯ ಪೆಟ್ಟಿಗೆ ನೋಡಿದ, ನೀವೆಸ್‌ಳ ಮುಖ ನೋಡಿದ. ಬಸ್ಸು ಇನ್ನೊಂದು ಸಲ ಹಾರ್ನ್ ಮಾಡಿ, ತಿರುವಿನಲ್ಲಿ ಗುರುಗುಟ್ಟುತ್ತಾ ಇಳಿದು ಹೋಯಿತು. ನೀವೆಸ್ ಅವನ ತಲೆಯನ್ನು ಮಡಿಲಿನಿಂದ ಕೆಳಗಿಳಿಸಿರಲಿಲ್ಲ.

"ಇರ್ತೀನಿ," ಅಂದಳು. "ಆದರೆ ಈಗಲೇ ಹೇಳಿಬಿಡ್ತೀನಿ. ಮುಂದಿನ ವರ್ಷ ನೀನು ಏಣಿ ಹತ್ತೋ ದಿನ ನಾನು ಈ ಊರಲ್ಲಿರಲ್ಲ. ಪಕ್ಕದ ಬೆಟ್ಟದ ಊರಿಗೆ ಹೋಗಿ, ಈ ಕಡೆ ಬೆನ್ನು ಹಾಕಿ ಕೂತ್ಕೋತೀನಿ. ನಿನಗೆ ಕೈ ಬೀಸೋಕೆ ಅಂತ ಯಾರೂ ಇರಬಾರದು."

ಎಜಿದಿಯೊ ಅವಳ ಮಡಿಲಲ್ಲಿ ಮಲಗಿಕೊಂಡೇ ಛಾವಣಿಯನ್ನು ಮತ್ತೊಂದು ಸಲ ನೋಡಿದ.

"ಉಪಕಾರ ಆಯ್ತು," ಅಂದ.